ಜೋಡಿ ಪಾಸು

ಸೆಪ್ಟೆಂಬರ್ 4, ಸೋಮವಾರ

ಅಂಗಡಿಯಲ್ಲಿದ್ದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಗೆ ಬಿಡುವಿರುವುದಿಲ್ಲ. ಹೊಲಿಗೆ ಮೆಷಿನ್ನಿನ ಸದ್ದಿಗಿಂತ ನಿಮ್ಮ ಸದ್ದೇ ಜಾಸ್ತಿ ಎಂದು ಗಿರಾಕಿಗಳು ನಗುತ್ತಾರೆ. ಇಲ್ಲಿ ಮಗಳ ಮನೆಗೆ ಬಂದು ವಾರವಾಯಿತು, ಪಿಸುಮಾತು ಬಿಟ್ಟರೆ ಬೇರೆ ಮಾತಿಲ್ಲ. ಮಗಳಿಗೆ ನಿದ್ದೆ ಕೆಡಬಾರದು. ಹೊಟ್ಟೆಯಲ್ಲಿ ಮಾತು ಉಳಿದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮಗಳಿಗೆ ಆರನೇ ತಿಂಗಳು. ಹೋದ ತಿಂಗಳು ಸ್ವಲ್ಪ ರಕ್ತ ಕಾಣಿಸಿಕೊಂಡಿತಂತೆ. ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಬಾರದು, ಭಾರ ಎತ್ತಬಾರದು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಸುದ್ದಿ ಕೇಳಿದ್ದೇ ತಡ, ಅರ್ಧ ಹೊಲಿದ ಶಾಲೆ ಯೂನಿಫಾರಂಗಳನ್ನೆಲ್ಲ ಪಕ್ಕದ ಅಂಗಡಿಯವಳ ಕೈಗೆ ಹಾಕಿ, ಬಾಗಿಲಿಗೆ ಬೀಗ ಜಡಿದು ಬಸ್ಸು ಹತ್ತಿದೆ. ಬಂದು ನೋಡಿದರೆ ಬೀಗಿತ್ತಿ ನನಗಿಂತ ಒಂದು ದಿನ ಮೊದಲೇ ಬಂದು ಅಡುಗೆಮನೆ ಹಿಡಿದಿದ್ದಾರೆ. ಅಳಿಯ ಗಾಬರಿಯಲ್ಲಿ ಇಬ್ಬರು ತಾಯಂದಿರಿಗೂ ಫೋನು ಮಾಡಿದ್ದ. ಇಬ್ಬರೂ ಗಂಟು ಕಟ್ಟಿಕೊಂಡು ಬಂದೇಬಿಡುತ್ತಾರೆ ಎಂದು ಅವನು ಎಣಿಸಿರಲಿಲ್ಲವಂತೆ.

ಬೀಗಿತ್ತಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಕೆಲಸದಿಂದ ನಿವೃತ್ತಿಯಾಗಿದೆ, ಗಂಟಲಿಗೆ ಆಗಿಲ್ಲ. ಎದುರಿಗೆ ಬೀಗರೇ ಅನ್ನುತ್ತೇನೆ. ಇಲ್ಲಿ ಮಾತ್ರ ಹೆಡ್‌ಮಿಸ್.

ಮನೆ ಮೂರನೇ ಮಹಡಿಯಲ್ಲಿದೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಗಳ ಮಂಚ. ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ಮಂಚ, ನಡುವೆ ಒಂದು ಕಾಲು ಇಡುವಷ್ಟು ಸಂದು. ಅಳಿಯ ಸೋಫಾದ ಮೇಲೆ ಮುದುರಿಕೊಳ್ಳುತ್ತಾನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಅಲ್ಲಿ ಗೋಡೆಗೆ ಹೆಡ್‌ಮಿಸ್ ಒಂದು ವೇಳಾಪಟ್ಟಿ ಅಂಟಿಸಿದ್ದಾರೆ. ಹಾಲು, ಮಾತ್ರೆ, ಸೂಪು, ವಿಶ್ರಾಂತಿ. ಗಂಟೆ ಒಂದು ಕೈಗೆ ಸಿಕ್ಕಿದ್ದರೆ ಬಾರಿಸುತ್ತಲೂ ಇದ್ದರು.

ಸೆಪ್ಟೆಂಬರ್ 7, ಗುರುವಾರ

ಕಿಟಕಿಯ ರಾಮಾಯಣ. ಮಗಳಿಗೆ ಸಮುದ್ರದ ಗಾಳಿ ಬರಲಿ ಎಂದು ನಾನು ತೆಗೆಯುತ್ತೇನೆ. ಶೀತವಾಗುತ್ತದೆ ಎಂದು ಅವರು ಮುಚ್ಚುತ್ತಾರೆ. ಇಬ್ಬರೂ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ತೆಗೆಯುವುದು, ಮುಚ್ಚುವುದು, ಅಷ್ಟೇ. ಕೀಲು ಮಾತ್ರ ಎಲ್ಲವನ್ನೂ ಹೇಳುತ್ತದೆ.

ಮಧ್ಯಾಹ್ನದ ಸೂಪಿಗೆ ನಾನು ಉಪ್ಪು ಹಾಕಿದೆ. ನಾನು ಹಾಕಿರಲಿಕ್ಕಿಲ್ಲ ಎಂದುಕೊಂಡು ಅವರೂ ಹಾಕಿದರು. ಮಗಳು ತುಟಿಪಿಟಕ್ಕೆನ್ನದೆ ಕುಡಿದಳು. ಆಮೇಲೆ ಗೋಡೆ ಕಡೆ ಹೊರಳಿ ಅತ್ತಳು. ಯಾಕೆ ಎಂದರೆ, "ಏನಿಲ್ಲಮ್ಮ, ಹಾಗೇ" ಅಂದಳು.

ಹೆಡ್‌ಮಿಸ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಸೆಪ್ಟೆಂಬರ್ 8

ಬೆಳಗ್ಗೆ ಅಳಿಯ ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ ಎದುರಿಗೆ ನಿಂತ. ಕೈಕಟ್ಟಿಕೊಂಡು ನಿಂತ ರೀತಿ ನೋಡಿದರೆ ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ.

"ಅಮ್ಮಾ, ಅತ್ತೆ, ನೀವಿಬ್ರೂ ಬಂದಿದ್ದು ನನಗೆ ಆನೆಬಲ. ಆದ್ರೆ ಮಧ್ಯಾಹ್ನ ಅವಳಿಗೆ ಸ್ವಲ್ಪ ಹೊತ್ತು ಮನೆ ಖಾಲಿ ಬೇಕಂತೆ. ಕೆಳಗಿನ ಮನೆ ನರ್ಸು ಬಂದು ಕೂತಿರ್ತೀನಿ ಅಂದಿದಾರೆ. ನೀವು ಸುಮ್ನೆ ಎಲ್ಲಾದ್ರೂ ಹೋಗಿಬನ್ನಿ."

"ಎಲ್ಲಿಗೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.

ಜೇಬಿನಿಂದ ಒಂದು ಕಾರ್ಡು ತೆಗೆದ. ಬಂದರಿನ ಕಚೇರಿಯಲ್ಲಿ ಕೆಲಸ ಮಾಡುವವರ ಮನೆಯವರಿಗೆ ಹಳೇ ಬುರುಜು ನೋಡಲು ಪಾಸು ಕೊಡುತ್ತಾರಂತೆ. ವರ್ಷವಿಡೀ ಯಾವಾಗ ಬೇಕಾದರೂ ಹೋಗಬಹುದು. ಒಂದೇ ಷರತ್ತು, ಅದು ಜೋಡಿ ಪಾಸು. ಇಬ್ಬರೂ ಒಟ್ಟಿಗೆ ಹೋದರೆ ಮಾತ್ರ ಒಳಗೆ ಬಿಡುತ್ತಾರೆ.

"ಗಂಡ ಹೆಂಡ್ತಿಗೆ ಅಂತ ಮಾಡಿದಾರೆ, ಆದ್ರೂ ನಡಿಯುತ್ತೆ," ಅಂದ.

ಹೆಡ್‌ಮಿಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಓದಿ, ಒಂದು ಕಾಗುಣಿತದ ತಪ್ಪು ತೋರಿಸಿದರು.

ಸೆಪ್ಟೆಂಬರ್ 11, ಸೋಮವಾರ

ಹೋಗಿಬಂದೆವು. ಬುರುಜು ಬಂದರಿನ ಬಾಯಲ್ಲಿದೆ, ಮನೆಯಿಂದ ನಡೆದು ಹೋಗುವಷ್ಟು ದೂರ. ದುಂಡಗೆ, ಕಪ್ಪುಕಲ್ಲಿನಲ್ಲಿ ಕಟ್ಟಿದ್ದು. ಹಿಂದೆ ಶತ್ರುಗಳ ಹಡಗು ಬಂದರೆ ಇಲ್ಲಿಂದಲೇ ನೋಡಿ ಕಹಳೆ ಊದುತ್ತಿದ್ದರಂತೆ. ಆಮೇಲೆ ಎಷ್ಟೋ ಕಾಲ ಮೇಲೆ ದೀಪ ಹಚ್ಚಿಟ್ಟು ಹಡಗುಗಳಿಗೆ ದಾರಿ ತೋರಿಸಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಹೆಡ್‌ಮಿಸ್ ಬೋರ್ಡುಗಳನ್ನು ಗಟ್ಟಿಯಾಗಿ ಓದಿದ್ದರಿಂದ. ನಮ್ಮ ಹಿಂದಿದ್ದ ಪ್ರವಾಸಿಗಳೂ ಓದುವುದು ಬಿಟ್ಟು ಇವರ ಬಾಯನ್ನೇ ನೋಡುತ್ತ ನಿಂತರು.

ಬಾಗಿಲಲ್ಲಿ ದಪ್ಪ ಮೀಸೆಯ ಕಾವಲುಗಾರ. ಪಾಸು ನೋಡಿ, ನಮ್ಮಿಬ್ಬರನ್ನು ನೋಡಿ, "ಜೋಡಿ?" ಅಂದ.

"ಬೀಗಿತ್ತಿಯರು," ಎಂದರು ಹೆಡ್‌ಮಿಸ್.

"ಹಾಗಾದ್ರೆ ಗಂಡ ಹೆಂಡ್ತಿಗಿಂತ ಗಟ್ಟಿ ಜೋಡಿ. ಹೋಗಿ," ಎಂದ.

ಒಳಗೆ ಸುತ್ತುಮೆಟ್ಟಿಲು. ಅರ್ಧ ಹತ್ತಿದ ಮೇಲೆ ಒಂದು ಕೋಣೆ ಸಿಗುತ್ತದೆ, ಕಲ್ಲಿನ ಬೆಂಚು, ಸೀಳಿನಂಥ ಕಿಟಕಿ. ಅಲ್ಲಿಂದ ಇನ್ನೂ ಮೇಲಕ್ಕೆ ಹೋದರೆ ತುದಿ. ಬೋರ್ಡಿನಲ್ಲಿ ಅದಕ್ಕೆ ವೀಕ್ಷಣಾ ವೇದಿಕೆ ಎಂದಿದೆ, ಮೀಸೆಯವನು ಅಟ್ಟ ಅನ್ನುತ್ತಾನೆ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಮಂಡಿ ನೋವು ಎಂದೆ. ನಿಜ ಹೇಳಬೇಕೆಂದರೆ ಎತ್ತರವೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಸ್ಟೂಲು ಹತ್ತಿ ಪರದೆ ಸಿಕ್ಕಿಸುವುದಕ್ಕೂ ಪಕ್ಕದವಳನ್ನು ಕರೆಯುವವಳು ನಾನು.

ಹೆಡ್‌ಮಿಸ್ ಒಬ್ಬರೇ ಹೋಗಿಬಂದರು.

ಸಂಜೆ ಮಗಳು, "ಮೇಲಿಂದ ಏನು ಕಾಣ್ತು?" ಎಂದು ಕೇಳಿದಳು. ಅವಳ ಕಿಟಕಿಗೆ ಬುರುಜಿನ ತುದಿ ಕಾಣುತ್ತದೆ. ಅಮ್ಮ ಅಲ್ಲಿ ನಿಂತಿದ್ದಳು ಎಂದೇ ಅವಳ ಎಣಿಕೆ. ಇಲ್ಲ ಅನ್ನಲು ಮನಸ್ಸಾಗಲಿಲ್ಲ.

"ದೊಡ್ಡ ಬಿಳೀ ಹಡಗು ಬಂದಿತ್ತು," ಎಂದೆ.

ಈಗ ಸಿಕ್ಕಿಬಿದ್ದೆ ಎಂದುಕೊಂಡು ಹೆಡ್‌ಮಿಸ್ ಕಡೆ ನೋಡಿದೆ. ಅವರು ಮಾತ್ರೆ ಬಿಡಿಸುತ್ತ, "ಹೌದು, ಬಿಳೀದು. ಹೊಗೆಕೊಳವಿಗೆ ಕೆಂಪು ಪಟ್ಟಿ," ಎಂದರು.

ಯಾಕೆ ಹಾಗಂದರೋ ತಿಳಿಯಲಿಲ್ಲ. ನಾಳೆ ಇದನ್ನೇ ಹಿಡಿದು ನನ್ನನ್ನು ಆಡಿಸಬಹುದು.

ಸೆಪ್ಟೆಂಬರ್ 20, ಬುಧವಾರ

ಆಡಿಸಲಿಲ್ಲ. ದಿನಾ ಹೋಗುತ್ತಿದ್ದೇವೆ. ನಾನು ಬೆಂಚಿನ ಮೇಲೆ, ಅವರು ಅಟ್ಟದ ಮೇಲೆ. ಇಳಿದು ಬರುವಾಗ ಬೇಕೆಂದೇ ಗಟ್ಟಿಯಾಗಿ, "ಮೀನಿನ ದೋಣಿ ಎಲ್ಲಾ ವಾಪಸ್ ಬರ್ತಿದಾವೆ, ಮುಂದಿನದು ಹಸಿರು ಬಣ್ಣ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಸಂಜೆ ಅದನ್ನು ನಾನು ಮಗಳಿಗೆ ಹೇಳುತ್ತೇನೆ, ಸ್ವಲ್ಪ ಒಗ್ಗರಣೆ ಹಾಕಿ. ನಿನ್ನೆ ನಾನು ದೋಣಿಯಿಂದ ಒಬ್ಬ ನೀರಿಗೆ ಬಿದ್ದ ಎಂದೆ. ಹೆಡ್‌ಮಿಸ್, "ಅವನ ಟೋಪಿ ಮಾತ್ರ ಬಿತ್ತು, ಅವನಲ್ಲ," ಎಂದು ತಿದ್ದಿದರು. ಇಬ್ಬರೂ ಸೇರಿ ಆ ಟೋಪಿಯನ್ನು ಬಹಳ ದೂರ ತೇಲಿಸಿದೆವು. ಮಗಳು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕಿದ್ದು ಇದೇ ಮೊದಲು.

ಹಾಗೆಂದು ಅಡುಗೆಮನೆಯಲ್ಲಿ ಏನೂ ಬದಲಾಗಿಲ್ಲ. ಕ್ಯಾರೆಟ್ಟು ಹೆಚ್ಚುವುದಕ್ಕೂ ಅವರಿಗೊಂದು ಅಳತೆ.

ಸೆಪ್ಟೆಂಬರ್ 26, ಮಂಗಳವಾರ

ಇವತ್ತಿನದು ವಿವರವಾಗಿ ಬರೆಯಬೇಕು.

ಎಂದಿನಂತೆ ನಾನು ಬೆಂಚಿನ ಮೇಲೆ ಕೂತಿದ್ದೆ. ಹೆಡ್‌ಮಿಸ್ ಮೇಲೆ ಹೋದವರು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಅವರ ನಂತರ ಹೋದವರೆಲ್ಲ ಇಳಿದು ಹೋದರು. ಕೊನೆಗೆ ಇಳಿದುಬಂದ ಒಬ್ಬ ಹೆಂಗಸನ್ನು ಕೇಳಿದೆ.

"ಕನ್ನಡಕದ ಹಿರಿಯರಾ? ಅಲ್ಲೇ ಗೋಡೆಗೆ ಒರಗಿ ಕೂತಿದಾರೆ. ಮಾತಾಡಿಸಿದ್ರೆ ಸರಿಯಾಗಿದೀನಿ ಅಂತಾರೆ, ಏಳ್ತಾ ಇಲ್ಲ."

ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ದಾಟಿದ್ದೇ ಗಾಳಿ ಬಂದು ಮುಖಕ್ಕೆ ಬಡಿಯಿತು. ಸುತ್ತ ಬರೀ ಆಕಾಶ. ನಾನು ನೆಲ ನೋಡುತ್ತ, ಗೋಡೆ ತಡವುತ್ತ ಅವರ ಹತ್ತಿರ ಹೋದೆ. ಮುಖ ಬಿಳಿಚಿಕೊಂಡಿತ್ತು.

"ಎದೆ ನೋವಾ?"

"ಅಲ್ಲ."

"ಮತ್ತೆ?"

ಮೆಟ್ಟಿಲಿನ ಕಡೆ ಕೈ ತೋರಿಸಿ ಹೇಳಿದರು, "ಹತ್ತೋದಕ್ಕೆ ನನಗೇನೂ ಇಲ್ಲ ಬೀಗ್ರೇ. ಇಳಿಯೋದೇ ಆಗಲ್ಲ. ಮೆಟ್ಟಿಲು ಕೆಳಗೆ ಸುತ್ಕೊಂಡು ಹೋಗೋದು ನೋಡಿದ್ರೆ ಕಾಲು ಕಟ್ಟಿ ಹಾಕಿದ ಹಾಗಾಗುತ್ತೆ. ದಿನಾ ಹೇಗೋ ಹಲ್ಲು ಕಚ್ಚಿ ಇಳೀತಿದ್ದೆ. ಇವತ್ತು ಆಗ್ಲಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬಳಿಗೆ ಹತ್ತಲು ಭಯ, ಇನ್ನೊಬ್ಬರಿಗೆ ಇಳಿಯಲು. ಒಳ್ಳೆ ಜೋಡಿಗೆ ಪಾಸು ಕೊಟ್ಟಿದ್ದಾರೆ.

ಕೂತೇ ಇಳಿಯೋಣ ಎಂದೆ. ಚಿಕ್ಕ ಮಕ್ಕಳ ಹಾಗೆ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕುಂಡಿ ಊರಿಕೊಂಡು. ಮೊದಲು ಒಪ್ಪಲಿಲ್ಲ. ಯಾರಾದರೂ ನೋಡಿದರೆ ಎಂದರು. ನೋಡಿದರೆ ನೋಡಲಿ, ನಿಮ್ಮ ಶಾಲೆಯವರು ಯಾರೂ ಇಲ್ಲಿಲ್ಲ ಎಂದೆ. ಬಟ್ಟೆ ಸರಿಮಾಡಿಕೊಂಡು ನಾನು ಮುಂದೆ, ಅವರು ಹಿಂದೆ, ನನ್ನ ಹೆಗಲು ಹಿಡಿದು.

ಅರ್ಧ ದಾರಿಯಲ್ಲಿ ಎದುರಿಗೆ ಬಂದದ್ದು ಶಾಲೆಯೇ. ಸಾಲಾಗಿ ಮಕ್ಕಳು, ಹಿಂದೆ ಅವರ ಮೇಡಮ್ಮು. ಮುಂದಿದ್ದ ಹುಡುಗಿ ನಿಂತು ನೋಡಿ, "ಅಜ್ಜಿ, ಯಾಕೆ ಕೂತ್ಕೊಂಡು ಇಳೀತಿದೀರಿ?" ಎಂದಳು.

ನನ್ನ ಹಿಂದಿನಿಂದ ಹೆಡ್‌ಮಿಸ್ ದನಿ ಬಂತು, ಪ್ರಾರ್ಥನೆಗೆ ಸಾಲು ನಿಲ್ಲಿಸುವ ದನಿ. "ಮೆಟ್ಟಿಲು ಒರೆಸ್ತಾ ಇದೀವಿ. ಎಡಕ್ಕೆ ಒಬ್ಬೊಬ್ರಾಗಿ ಹೋಗಿ. ತಳ್ಳಾಡಬಾರದು."

ಮಕ್ಕಳೆಲ್ಲ ಎಡಕ್ಕೆ ಸರಿದು ತಳ್ಳಾಡದೆ ಹೋದರು. ಅವರ ಮೇಡಮ್ಮು ಕೂಡ. ಅವರು ಮರೆಯಾದ ಮೇಲೆ ನನಗೆ ಎಂಥ ನಗು ಬಂತೆಂದರೆ ಪಕ್ಕೆ ಹಿಡಿದುಕೊಂಡಿತು. ನನ್ನ ಹೆಗಲ ಮೇಲಿದ್ದ ಕೈಯೂ ಅಲುಗುತ್ತಿತ್ತು. ಅವರೂ ನಗುತ್ತಿದ್ದಾರೆ ಎಂದುಕೊಂಡೆ. ನಗುತ್ತಲೇ ಇದ್ದರು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಕತ್ತಲೆ ಮೆಟ್ಟಿಲು. ನನ್ನ ಬೆನ್ನಿಗೆ ಹೇಳಿದರು. ಮಗನಿಗೂ ಮುಂಚೆ ಎರಡು ಆಗಿದ್ದವಂತೆ. ಒಂದು ಆರು ತಿಂಗಳಿಗೇ ಹೊಟ್ಟೆಯಲ್ಲೇ ಹೋಯಿತು, ಇನ್ನೊಂದು ಹುಟ್ಟಿ ಒಂದು ದಿನ ಇತ್ತು.

"ಆಗ ನನಗೆ ಮಲಕ್ಕೋ ಅಂತ ಯಾರೂ ಹೇಳ್ಲಿಲ್ಲ ಬೀಗ್ರೇ. ಎಲ್ಲರೂ ಏಳು ಏಳು ಅಂತಾನೇ ಅಂದ್ರು. ಈಗ ಅವಳು ಲೋಟ ಎತ್ತಿದ್ರೂ ನನ್ನ ಎದೆ ಹಾರುತ್ತೆ. ನಾನು ಹೀಗೆ ಎಲ್ಲರ ಪ್ರಾಣ ತಿಂತಾ ಇದೀನಿ ಅಂತ ನನಗೂ ಗೊತ್ತು."

"ಇಲ್ಲೊಂದು ಮೆಟ್ಟಿಲು ಮುರಿದಿದೆ, ನೋಡ್ಕೊಂಡು ಬನ್ನಿ," ಎಂದೆ. ಹೆಗಲ ಮೇಲಿನ ಕೈಯ ಮೇಲೆ ನನ್ನ ಕೈ ಇಟ್ಟೆ.

ಮೀಸೆಯವನು ನಮ್ಮ ಬಟ್ಟೆಯ ಧೂಳು ನೋಡಿ ಏನೂ ಕೇಳಲಿಲ್ಲ. ಇಬ್ಬರಿಗೂ ಚಹಾ ತರಿಸಿಕೊಟ್ಟ.

ಸೆಪ್ಟೆಂಬರ್ 27

ಕಿಟಕಿ ನಾನೇ ಮುಚ್ಚಿದೆ. ಗಾಳಿ ನಿಜಕ್ಕೂ ತಣ್ಣಗಿತ್ತು.

ಅಕ್ಟೋಬರ್ 6, ಶುಕ್ರವಾರ

ಬೀಗಿತ್ತಿ ಪೆನ್ಷನ್ನಿನ ಕೆಲಸಕ್ಕೆ ಊರಿಗೆ ಹೋಗಿದ್ದಾರೆ. ನಾಲ್ಕೈದು ದಿನವಂತೆ. ಅಡುಗೆಮನೆ ಪೂರ್ತಿ ನನ್ನದು. ಆಚೆ ತಿರುಗಿದರೂ ಈಚೆ ತಿರುಗಿದರೂ ಯಾರೂ ತಾಗುವುದಿಲ್ಲ. ನೆಮ್ಮದಿ.

ಸೂಪಿನ ಹೊತ್ತು ಗೋಡೆಯ ಮೇಲೇ ಬರೆದಿರುವುದರಿಂದ ಅದೇ ಹೊತ್ತಿಗೆ ಕೊಟ್ಟೆ. ಕ್ಯಾರೆಟ್ಟು ಸಣ್ಣಗೆ ಹೆಚ್ಚಿದೆ, ಬೇಗ ಬೇಯುತ್ತದೆ ಎಂದು.

ಅಕ್ಟೋಬರ್ 9, ಸೋಮವಾರ

ಮಧ್ಯಾಹ್ನ ಬೇಜಾರಾಗಿ ಬುರುಜಿನವರೆಗೆ ಹೋದೆ. ಮೀಸೆಯವನು ಪಾಸು ನೋಡಿ, "ಇನ್ನೊಬ್ರೆಲ್ಲಿ?" ಅಂದ.

"ಊರಿಗೆ ಹೋಗಿದಾರೆ."

"ಜೋಡಿ ಪಾಸಮ್ಮ. ಒಬ್ಬರನ್ನೇ ಬಿಡೋ ಹಾಗಿಲ್ಲ."

"ದಿನಾ ನೋಡ್ತೀಯಲ್ಲಪ್ಪ ನನ್ನ."

"ದಿನಾ ಇಬ್ಬರನ್ನ ನೋಡ್ತೀನಿ."

ನನ್ನ ಹಿಂದೆ ಒಬ್ಬಂಟಿ ಹೆಂಗಸೊಬ್ಬಳು ಟಿಕೆಟ್ಟಿಗೆ ನಿಂತಿದ್ದಳು. ನನ್ನ ಜೊತೆ ಒಳಗೆ ಬರುತ್ತೇನೆ ಎಂದು ತಾನಾಗಿಯೇ ಹೇಳಿದಳು, ಮೀಸೆಯವನೂ ಆಗಲಿ ಎಂದ. ನಾನೇ ಬೇಡ ಎಂದು ವಾಪಸ್ಸು ಬಂದೆ. ಬಿಸಿಲು ಜಾಸ್ತಿಯಿತ್ತು, ಹೋಗದಿದ್ದದ್ದೇ ಒಳ್ಳೆಯದಾಯಿತು.

ಸಂಜೆ ಮಗಳಿಗೆ ಹೇಳಲು ಏನೂ ಇರಲಿಲ್ಲ. ಅವಳು, "ಅತ್ತೆ ಯಾವಾಗ ಬರ್ತಾರೆ?" ಎಂದಳು. ನಾಳಿದ್ದು ಮಧ್ಯಾಹ್ನದ ಬಸ್ಸಿಗೆ, ಬಸ್ಸು ತಡವಾದರೆ ಸಂಜೆಯಾಗುತ್ತದೆ, ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಅವರಿಗೆ ವಾಂತಿ ಬರುತ್ತದೆ ಎಂದೆ. ಮಗಳು ನನ್ನನ್ನೇ ನೋಡಿದಳು. ಕೇಳಿದ್ದಕ್ಕೆ ಹೇಳಿದೆ, ಅದರಲ್ಲೇನು.

ಅಕ್ಟೋಬರ್ 12, ಗುರುವಾರ

ಇವತ್ತು ನಾನೂ ಅಟ್ಟ ಹತ್ತಿದೆ. ಬೀಗಿತ್ತಿ ನಿನ್ನೆ ಸಂಜೆ ಊರಿಂದ ಬಂದು ಇನ್ನೂ ಚೀಲ ಬಿಚ್ಚಿರಲಿಲ್ಲ, "ನಡೀರಿ, ಹೊತ್ತಾಯ್ತು," ಎಂದು ಹೊರಟರು. ಬೆಂಚಿನ ಹತ್ತಿರ ನಾನು ಕೂರಲು ಹೋದರೆ, "ಮಗಳಿಗೆ ಇನ್ನೂ ಎಷ್ಟು ದಿನ ಸುಳ್ಳು ಹೇಳ್ತೀರಿ? ಹತ್ತೋವಾಗ ನಾನು ಮುಂದೆ, ಇಳಿಯೋವಾಗ ನೀವು ಮುಂದೆ," ಎಂದರು.

ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದೆ. ಅವರು ಕೈ ಹಿಡಿದು, "ಕೆಳಗೆ ನೋಡ್ಬೇಡಿ. ದೂರ ನೋಡಿ. ಎಲ್ಲಕ್ಕಿಂತ ದೂರ ಇರೋದನ್ನ ಮೊದಲು ನೋಡಿ, ಆಮೇಲೆ ನಿಧಾನಕ್ಕೆ ಹತ್ತಿರ ಬನ್ನಿ," ಎಂದರು.

ಹಾಗೇ ಮಾಡಿದೆ. ಮೊದಲು ಕಂಡದ್ದು ಒಂದು ಗೆರೆ, ಅಷ್ಟೇ. ಆಮೇಲೆ ಆ ಗೆರೆಯ ಮೇಲೊಂದು ಚುಕ್ಕೆಯಂಥ ಹಡಗು. ಅಲ್ಲಿಂದ ಈಚೆಗೆ ನೀರು, ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಸಣ್ಣಸಣ್ಣ ಸುಕ್ಕು. ದೋಣಿಗಳು. ಮೀನು ಹರಾಜಿನ ಕಟ್ಟೆ, ಅದರ ಮೇಲೆ ಕೂಗಾಡುವ ಹಕ್ಕಿಗಳು, ಕೆಳಗೆ ಕೂಗಾಡುವ ಜನ. ಹೆಂಚಿನ ಮಾಡುಗಳು, ತಾರಸಿಗಳಲ್ಲಿ ಒಣಹಾಕಿದ ಬಟ್ಟೆ. ಕೊನೆಗೆ ನಮ್ಮ ಮನೆ, ಮೂರನೇ ಮಹಡಿ, ಕಿಟಕಿ. ಕಿಟಕಿಯಲ್ಲಿ ಏನೋ ಹಸಿರು ಅಲುಗುತ್ತಿತ್ತು.

"ಟವೆಲ್ಲು," ಎಂದರು ಬೀಗಿತ್ತಿ. "ಮಲಗಿದಲ್ಲಿಂದಲೇ ಬೀಸ್ತಾಳೆ. ಇಷ್ಟು ದಿನ ನಾನೊಬ್ಬಳೇ ನೋಡ್ತಿದ್ದೆ. ಹೇಳಿದ್ರೆ ನೀವು ಹತ್ತಲೇಬೇಕು ಅಂತ ಹಟ ಮಾಡಿ ಬಿದ್ದುಗಿದ್ದೀರಿ ಅಂತ ಹೇಳ್ಲಿಲ್ಲ."

ಇಬ್ಬರೂ ಕೈ ಬೀಸಿದೆವು. ನಾನು ಒಂದು ಕೈಯಲ್ಲಿ, ಇನ್ನೊಂದು ಕೈ ಕಂಬಿ ಹಿಡಿದಿತ್ತು. ಹಸಿರು ಬಹಳ ಹೊತ್ತು ಅಲುಗಿತು.

ಇಳಿಯುವಾಗ ಕೂರಲಿಲ್ಲ. ನಾನು ಮುಂದೆ ನಡೆದೆ, ಅವರು ಕಣ್ಣು ಮುಚ್ಚಿ ನನ್ನ ಹೆಗಲು ಹಿಡಿದು ಬಂದರು.

ಅಕ್ಟೋಬರ್ 25, ಬುಧವಾರ

ಬರೆಯಲು ಪುರುಸೊತ್ತಾಗುತ್ತಿಲ್ಲ. ಬೆಳಗ್ಗೆ ಅಡುಗೆ, ಮಧ್ಯಾಹ್ನ ಬುರುಜು, ಸಂಜೆ ನಮ್ಮಿಬ್ಬರ ಕತೆ ಕೇಳಲು ಈಗ ನರ್ಸೂ ಉಳಿಯುತ್ತಾಳೆ. ಡಾಕ್ಟರಮ್ಮ ಬಂದು ನೋಡಿ, ಎಲ್ಲ ಸರಿಯಾಗಿದೆ, ಇನ್ನೊಂದು ತಿಂಗಳು ಹೀಗೇ ಕಳೆದರೆ ಸಾಕು ಎಂದರು. ಅವರು ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಒಂದೇ ಲೋಟದ ಚಹಾ ಹಂಚಿಕೊಂಡೆವು. ಎರಡು ಲೋಟ ಮಾಡುವಷ್ಟು ಹಾಲಿರಲಿಲ್ಲ.

ನವೆಂಬರ್ 7, ಮಂಗಳವಾರ

ನಿನ್ನೆ ಬರೆಯುವ ಸ್ಥಿತಿಯಿರಲಿಲ್ಲ.

ಮಧ್ಯಾಹ್ನ ಅಟ್ಟದ ಮೇಲಿದ್ದೆವು. ಮೋಡವಿತ್ತು, ಸಮುದ್ರ ಬೂದಿ ಬಣ್ಣ. ಫೋನು ಬಂತು. ನರ್ಸು. ನೀರು ಒಡೆದಿದೆ, ಆಂಬುಲೆನ್ಸ್ ಬಂದಿದೆ, ಅಳಿಯನಿಗೂ ಹೇಳಿದ್ದೇನೆ, ನೀವು ನೇರ ಆಸ್ಪತ್ರೆಗೆ ಬನ್ನಿ ಎಂದಳು. ಎಂಟು ತಿಂಗಳೂ ತುಂಬಿರಲಿಲ್ಲ.

ಬೀಗಿತ್ತಿ ನನ್ನನ್ನು ಬಾಗಿಲ ಕಡೆ ತಳ್ಳಿದರು. "ನೀವು ಓಡಿ. ನನ್ನನ್ನ ಕಾಯ್ಬೇಡಿ. ನಾನು ಹೇಗೋ ಇಳ್ಕೊಂಡು ಬರ್ತೀನಿ," ಎಂದರು.

ಮಗಳ ಹತ್ತಿರ ಓಡಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಎರಡು ಮೆಟ್ಟಿಲು ಇಳಿದೂ ಬಿಟ್ಟೆ. ತಿರುಗಿ ನೋಡಿದರೆ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನನ್ನನ್ನಲ್ಲ, ಮೆಟ್ಟಿಲನ್ನು ನೋಡುತ್ತಿದ್ದರು. ಮೇಲೆ ಬಂದೆ. ಅವರ ಎರಡೂ ಕೈ ತೆಗೆದು ನನ್ನ ಹೆಗಲ ಮೇಲಿಟ್ಟುಕೊಂಡೆ.

"ಕಣ್ಣು ಮುಚ್ಚಿ. ನಾನು ಬಲ ಅಂದ್ರೆ ಬಲಗಾಲು, ಎಡ ಅಂದ್ರೆ ಎಡಗಾಲು."

"ಬೀಗ್ರೇ, ಹೊತ್ತಾಗುತ್ತೆ."

"ಮಾತು ಬೇಡ. ಬಲ."

ಬಲ, ಎಡ, ಬಲ, ಎಡ. ಇಡೀ ಬುರುಜು ಸುತ್ತಿ ಇಳಿದೆವು. ಒಂದು ಸಲವೂ ನಿಲ್ಲಲಿಲ್ಲ. ಕೆಳಗೆ ಮೀಸೆಯವನಿಗೆ ಹೇಳಿದ್ದೇ ರಸ್ತೆಗೆ ಅಡ್ಡ ನಿಂತು ಟ್ಯಾಕ್ಸಿ ಹಿಡಿದುಕೊಟ್ಟ.

ಮಗಳನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಒಂದು ನಿಮಿಷ ಸಿಕ್ಕಿದಳು. "ಅಮ್ಮಾ," ಎಂದು ಒಂದು ಕೈ ನನಗೆ ಕೊಟ್ಟಳು, "ಅತ್ತೆ," ಎಂದು ಇನ್ನೊಂದು ಕೈ ಅವರಿಗೆ. ಆಮೇಲೆ ಬಾಗಿಲು ಮುಚ್ಚಿತು. ಅಳಿಯ ಗೋಡೆಗೆ ಹಣೆ ಒತ್ತಿ ನಿಂತ. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು.

ಬೆಳಕಿರುವಾಗಲೇ ಆಯಿತು. ಹೆಣ್ಣು. ಅತ್ತಿತಂತೆ, ಬೆಕ್ಕಿನ ಮರಿಯ ಹಾಗೆ. ತಾಯಿ ಚೆನ್ನಾಗಿದ್ದಾಳೆ. ಮಗು ಬಹಳ ಚಿಕ್ಕದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಸಿರಾಟ ಪರವಾಗಿಲ್ಲ, ಕೆಲವು ವಾರ ಇಲ್ಲೇ ಇರಲಿ ಎಂದರು.

ಇವತ್ತು ಬೆಳಗ್ಗೆ ಅಜ್ಜಿಯರಲ್ಲಿ ಒಬ್ಬರು ಒಳಗೆ ಹೋಗಿ ನೋಡಬಹುದು ಎಂದರು. ಒಬ್ಬರೇ.

"ನೀವು ಹೋಗಿ. ಮಗಳು ನಿಮ್ಮವಳು," ಎಂದರು ಬೀಗಿತ್ತಿ.

"ಮೊಮ್ಮಗಳು ಇಬ್ಬರಿಗೂ. ನೀವು ಹೋಗಿ."

"ಬೇಡ, ನೀವು."

"ಯಾರಾದ್ರೂ ಒಬ್ರು ಬನ್ರೀ," ಎಂದು ಒಳಗಿನ ಹುಡುಗಿ ರೇಗಿದಳು.

ನಾನು ಅವರನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದೆ. ಅವರು ಕಾದದ್ದು ನನಗಿಂತ ಹೆಚ್ಚು ಕಾಲ.

ಹೊರಗೆ ಬಂದವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಉಗುರಿದೆ ಬೀಗ್ರೇ," ಎಂದರು. "ಅಷ್ಟು ಚಿಕ್ಕ ಬೆರಳು. ಎಲ್ಲಾದಕ್ಕೂ ಉಗುರಿದೆ."

ನವೆಂಬರ್ 16, ಗುರುವಾರ

ಮಗು ಹಾಲು ಎಳೆಯಲು ಕಲಿಯಿತು. ಮೊದಲ ದಿನ ಎರಡು ಗುಟುಕು ಎಳೆದು ದಣಿದು ಮಲಗಿತಂತೆ. ಅದರ ಅಪ್ಪನೂ ಹಾಗೇ, ಎರಡು ಸಾಲು ಬರೆದು ಮಲಗುತ್ತಿದ್ದ ಎಂದು ಬೀಗಿತ್ತಿ ಹೇಳಿದರು.

ಬೆಳಗಿನ ಭೇಟಿಗೂ ಸಂಜೆಯ ಭೇಟಿಗೂ ನಡುವೆ ಬುರುಜಿಗೆ ಹೋಗುತ್ತೇವೆ. ಅಟ್ಟದಿಂದ ಆಸ್ಪತ್ರೆಯೂ ಕಾಣುತ್ತದೆ. ಯಾವ ಕಿಟಕಿ ನಮ್ಮ ಮಗುವಿನದು ಎಂಬ ಬಗ್ಗೆ ನಮಗೆ ಒಮ್ಮತವಿಲ್ಲ. ಅವರದು ಎಡತುದಿ, ನನ್ನದು ಅದರ ಪಕ್ಕದ್ದು. ಎರಡಕ್ಕೂ ಕೈ ಬೀಸಿ ಬರುತ್ತೇವೆ.

ಇವತ್ತು ಕಂಬಿಗೆ ಒರಗಿ ಕಡಲೆಕಾಯಿ ತಿಂದೆವು. ಸಿಪ್ಪೆ ಗಾಳಿಗೆ ಹಾರಿ ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಬಗ್ಗಿ ನೋಡಿದೆ. ಕೆಳಗೆ ಒಬ್ಬ ತಲೆ ಕೊಡವಿಕೊಳ್ಳುತ್ತಿದ್ದ.

ನವೆಂಬರ್ 29, ಬುಧವಾರ

ಮಗು ಮನೆಗೆ ಬಂತು. ಮಗಳು ಮೂರು ಮಹಡಿ ತಾನೇ ನಿಧಾನಕ್ಕೆ ಹತ್ತಿದಳು. ಇಷ್ಟೇ ಬರೆಯುತ್ತೇನೆ, ಬಟ್ಟೆ ಒಗೆಯುವುದಿದೆ.

ಡಿಸೆಂಬರ್ 5, ಮಂಗಳವಾರ

ಮಗುವನ್ನು ಬಟ್ಟೆಯಲ್ಲಿ ಸುತ್ತುವ ವಿಷಯದಲ್ಲಿ ದೊಡ್ಡ ಮಾತಾಯಿತು. ಕೈ ಒಳಗಿರಬೇಕು ಎಂದು ಅವರು, ಹೊರಗಿರಲಿ ಎಂದು ನಾನು. ಬಟ್ಟೆಯ ವಿಷಯ ನನಗೆ ಹೇಳಬೇಡಿ ಎಂದೆ. ಮಕ್ಕಳ ವಿಷಯ ನನಗೆ ಹೇಳಬೇಡಿ ಎಂದರು. ಮಗಳು ಕೋಣೆಯಿಂದ ಓಡಿ ಬಂದು, "ಅಮ್ಮಾ, ಅತ್ತೆ, ದಯವಿಟ್ಟು ಜಗಳ ಆಡ್ಬೇಡಿ," ಎಂದಳು, ಕಣ್ಣಲ್ಲಿ ನೀರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಯಾರು ಜಗಳ ಆಡಿದ್ದು?" ಎಂದೆ.

"ನಾವು ಮಾತಾಡ್ತಾ ಇದೀವಿ ಕಂದಾ," ಎಂದರು ಬೀಗಿತ್ತಿ.

ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಟ್ಟು ಸುತ್ತಿದೆವು. ಮಗು ಹೊರಗಿದ್ದ ಕೈ ಬೀಸಿ, ಬಗ್ಗಿದ್ದ ಅವರ ಕನ್ನಡಕ ಸೊಟ್ಟ ಮಾಡಿತು.

ಡಿಸೆಂಬರ್ 17, ಭಾನುವಾರ

ಬೀಗಿತ್ತಿ ಇವತ್ತು ಊರಿಗೆ ಹೊರಟರು. ಮಗಳು ಈಗ ಓಡಾಡುತ್ತಾಳೆ, ಅಳಿಯನಿಗೂ ರಜೆ ಸಿಕ್ಕಿದೆ. ನಾನು ಇನ್ನೊಂದು ವಾರವಿದ್ದು ಹೋಗುತ್ತೇನೆ. ಹೊಸ ವರ್ಷಕ್ಕೆ ಬಟ್ಟೆ ಹೊಲಿಸಬೇಕಾದವರು ಫೋನು ಮಾಡಿ ಮಾಡಿ ಜೀವ ಹಿಂಡುತ್ತಿದ್ದಾರೆ.

ಬಸ್‌ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಓಡಿಹೋಗಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ. ಅವರು ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಹೇಳಿದ್ದನ್ನೇ ಹೇಳಿದರು. ಮಗುವಿನ ತಲೆಗೆ ಗಾಳಿ ಸೋಕದಿರಲಿ, ಮಗಳು ಹಾಲು ಬಿಡದಿರಲಿ, ಮುಂದಿನ ತಿಂಗಳು ಡಾಕ್ಟರಮ್ಮನ ಹತ್ತಿರ ಹೋಗುವಾಗ ತಮಗೆ ಮೊದಲೇ ತಿಳಿಸಬೇಕು. ಎಲ್ಲಕ್ಕೂ ಆಯಿತು ಎಂದೆ. ಆಮೇಲೆ ಇಬ್ಬರೂ ಡ್ರೈವರನ ಖಾಲಿ ಸೀಟು ನೋಡುತ್ತಿದ್ದೆವು. ನಾನು ಇಳಿದು ಕಿಟಕಿಯ ಹತ್ತಿರ ನಿಂತೆ.

ಡ್ರೈವರ್ ಬಂದ. ಬಸ್ಸು ಹಿಂದಕ್ಕೆ ಬಂದು, ತಿರುಗಿ, ಮುಂದಕ್ಕೆ ಹೊರಟಿತು. ನಾನು ಪಕ್ಕದಲ್ಲೇ ಸ್ವಲ್ಪ ದೂರ ನಡೆದೆ. ಗೇಟಿನ ಹತ್ತಿರ ಬಸ್ಸು ವೇಗ ಹಿಡಿದಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬರ್ತೀನಿ ಕಣೇ. ನೀನು ಹುಷಾರು. ಹೊತ್ತು ಹೊತ್ತಿಗೆ ಊಟ ಮಾಡು."

"ಹೂಂ ಕಣೇ," ಎಂದು ನಾನೂ ಕೂಗಿದೆ. "ತಲೆ ಒಳಗೆ ಹಾಕು. ಮುಟ್ಟಿದ ತಕ್ಷಣ ಫೋನ್ ಮಾಡು."

ಬಸ್ಸು ರಸ್ತೆಗೆ ಇಳಿದು ಮರೆಯಾದ ಮೇಲೆ ಹೊಳೆಯಿತು. ನನಗಿಂತ ಆರೇಳು ವರ್ಷ ದೊಡ್ಡವರು, ಅಷ್ಟು ಮಕ್ಕಳಿಗೆ ಪಾಠ ಹೇಳಿದವರು, ಅವರಿಗೆ ನಡುಬೀದಿಯಲ್ಲಿ ಏಕವಚನ ಹಾಕಿಬಿಟ್ಟೆ. ಫೋನು ಬಂದಾಗ ತಪ್ಪಾಯಿತು ಅನ್ನಬೇಕು ಎಂದುಕೊಂಡು ಮನೆಗೆ ಬಂದೆ.

ಫೋನು ಬಂತು. ಪಕ್ಕದ ಸೀಟಿನವನು ದಾರಿಯುದ್ದಕ್ಕೂ ಗೊರಕೆ ಹೊಡೆದನಂತೆ, ಮನೆಯಲ್ಲಿ ನಲ್ಲಿ ಸೋರುತ್ತಿದೆಯಂತೆ, ಮಗು ಸಂಜೆ ಎಷ್ಟು ಹೊತ್ತು ಅತ್ತಿತು, ಯಾಕೆ ಅತ್ತಿತು, ಆಗ ನೀನೇನು ಮಾಡಿದೆ. ಮಾತೇ ಇಷ್ಟಿತ್ತು, ತಪ್ಪಾಯಿತು ಅನ್ನುವುದು ಮರೆತೇಹೋಯಿತು.